‘ಆದರೆ’ ಎಂಬುದಕ್ಕೆ ಚಿತ್ರವುಂಟೆ?

ನನ್ನ ತಂಗಿಯ ಮಗಳು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಕ್ರೀಡಾ ಆಡಳಿತವೆಂಬ ವಿಷಯವನ್ನು ತೆಗೆದುಕೊಂಡು ಎಂ.ಎ. ಓದುತ್ತಿದ್ದಾಳೆ. ಆಟಕ್ಕೂ ಎಂ.ಎ. ಪದವಿಗೂ ಏನು ನಂಟು ಎಂದು ಕೇಳುವ ಪೀಳಿಗೆಗೆ ಸೇರಿದವನು ನಾನು. ಅವಳು ಬರೆದ ಪ್ರಬಂಧವನ್ನು ಓದಿದ ಮೇಲೆ ಹಾಗೆ ಕೇಳುವುದನ್ನು ಬಿಟ್ಟೆ. ಕ್ರೀಡಾ ಸಂಸ್ಥೆಗಳ ಮುಂದಾಳುತನದಲ್ಲಿ ಹೆಂಗಸರ ಪಾಲೆಷ್ಟು, ಅದು ಹೆಚ್ಚಿದ್ದು ಯಾವಾಗ, ಕುಗ್ಗಿದ್ದು ಯಾವಾಗ, ಏಕೆ – ಇಷ್ಟನ್ನು ಇಪ್ಪತ್ತೆರಡು ಪುಟಗಳಲ್ಲಿ ಹುಡುಗಿ ಚೆನ್ನಾಗಿಯೇ ತೂಗಿ ಬರೆದಿದ್ದಳು. ನಾಲ್ಕು ತಿಂಗಳ ದುಡಿಮೆ.

ಪ್ರಬಂಧವನ್ನು ಒಪ್ಪಿಸಿದ ವಾರಕ್ಕೆ ಅವಳ ಅಧ್ಯಾಪಕರಿಂದ ಅಪ್ಪಣೆಯಾಯಿತು: ‘ಚೆನ್ನಾಗಿದೆ. ಇನ್ನು ಇದನ್ನು ಒಂದು ಇನ್ಫೋಗ್ರಾಫಿಕ್ ಮಾಡಿಕೊಂಡು ಬಾ. ಒಂದೇ ಹಾಳೆ. ನೂರೈವತ್ತು ಪದ ಮೀರಕೂಡದು.’ ಪ್ರಬಂಧಕ್ಕೆ ನಲವತ್ತು ಅಂಕ, ಹಾಳೆಗೆ ಅರವತ್ತು!

ಇನ್ಫೋಗ್ರಾಫಿಕ್ ಎಂದರೇನೆಂದು ಪತ್ರಿಕೆ ಓದುವವರಿಗೆ ವಿವರಿಸಬೇಕಾಗಿಲ್ಲ. ಬಜೆಟ್ಟಿನ ಮರುದಿನ ಬೆಳಿಗ್ಗೆ ಒಂದು ರೂಪಾಯಿಯ ನಾಣ್ಯವನ್ನು ಒಬ್ಬಟ್ಟಿನ ಹಾಗೆ ಹೋಳುಮಾಡಿ, ಬಂದದ್ದೆಲ್ಲಿಂದ, ಹೋದದ್ದೆಲ್ಲಿಗೆ ಎಂದು ಮೊದಲ ಪುಟದಲ್ಲಿ ಬಡಿಸುತ್ತಾರಲ್ಲ, ಆ ಜಾತಿಯ ಚಿತ್ರ. ಅಂಕಿ, ಬಣ್ಣ, ಬಾಣದ ಗುರುತು, ತಲೆಯೂ ಮುಂಡವೂ ಮಾತ್ರವಿರುವ ಪುಟ್ಟ ಬೊಂಬೆಗಳು, ಇವಿಷ್ಟೂ ಕೂಡಿದರೆ ಇನ್ಫೋಗ್ರಾಫಿಕ್. ಹಿಂದೆ ಇದನ್ನು ಬರೆಯಲು ಕಲಾವಿದ ಬೇಕಾಗಿತ್ತು. ಈಗ ಮೊಬೈಲಿನಲ್ಲಿಯೇ ಅಚ್ಚುಗಳು ಸಿಕ್ಕುತ್ತವೆ. ಅಕ್ಕಿಹಿಟ್ಟು ತುಂಬಿ ಚಕ್ಕುಲಿ ಒತ್ತಿದ ಹಾಗೆ ಒತ್ತುವುದಷ್ಟೆ.

ಹುಡುಗಿ ಒತ್ತಿದಳು. ಕಾಲೇಜಿನ ಪ್ರದರ್ಶನದಲ್ಲಿ ಅದಕ್ಕೆ ಎರಡನೆಯ ಬಹುಮಾನವೂ ಬಂತು. ನೋಡಿ ಬರಲು ನನ್ನನ್ನು ಕರೆದುಕೊಂಡು ಹೋದಳು. ಹಾಳೆಯ ನೆತ್ತಿಯ ಮೇಲೆ ಗುಲಾಬಿ ಬಣ್ಣದ ಒಬ್ಬ ಹೆಂಗಸು ಲೋಟದಂಥದೊಂದನ್ನು ಎತ್ತಿ ಹಿಡಿದಿದ್ದಾಳೆ. ಅವಳ ಕೆಳಗೆ ಏರುತ್ತ ಹೋಗುವ ಬಾಣ. ಬಾಣದ ಬುಡದಲ್ಲಿ, 1900ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಹೆಂಗಸರು 22 ಮಂದಿ. ಬಾಣದ ಮೊನೆಯಲ್ಲಿ, 2024ರ ಅದೇ ಪ್ಯಾರಿಸಿನಲ್ಲಿ ಗಂಡಸರಿಗೂ ಹೆಂಗಸರಿಗೂ ಸರಿಸಮ ಸ್ಥಾನ. ಪಕ್ಕದಲ್ಲಿ ಮೂರು ವೃತ್ತ. ಒಂದರಲ್ಲಿ, 2025ರ ಮಾರ್ಚಿಯಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷೆಯಾಗಿ ಆಯ್ಕೆಯಾದ ಜಿಂಬಾಬ್ವೆಯ ಈಜುಗಾರ್ತಿ ಕರ್ಸ್ಟಿ ಕೊವೆಂಟ್ರಿಯ ಮುಖ. ಇನ್ನೊಂದರಲ್ಲಿ, ಅಮೆರಿಕದ ಕಾಲೇಜುಗಳ ಮಹಿಳಾ ತಂಡಗಳ ತರಬೇತುದಾರರಲ್ಲಿ ಶೇ. 43 ಮಹಿಳೆಯರು, 2014. ಮೂರನೆಯದರಲ್ಲಿ, ನಮ್ಮ ದೇಶದ ಹೊಸ ಕಾಯಿದೆಯಂತೆ ಪ್ರತಿ ಕ್ರೀಡಾ ಸಂಸ್ಥೆಯ ಕಾರ್ಯಕಾರಿ ಸಮಿತಿಯಲ್ಲಿ ‘ಕನಿಷ್ಠ 4’. ನೋಡಿದವರಿಗೆಲ್ಲ ಸಂತೋಷ. ಹೆಣ್ಣುಮಕ್ಕಳು ಎಷ್ಟು ಮುಂದೆ ಬಂದುಬಿಟ್ಟರು!

ಅದರಲ್ಲಿದ್ದ ಅಂಕಿಗಳಲ್ಲಿ ಒಂದೂ ಸುಳ್ಳಲ್ಲ. ಆದರೂ ಪ್ರಬಂಧ ಏನು ಹೇಳಿತ್ತೋ ಅದರ ತದ್ವಿರುದ್ಧವನ್ನು ಆ ಹಾಳೆ ಹೇಳುತ್ತಿತ್ತು. ನನ್ನ ತಕರಾರು ಇರುವುದು ಇಲ್ಲಿ.

ಆ 43ನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ 1972ರಲ್ಲಿ ‘ಟೈಟಲ್ ನೈನ್’ ಎಂಬ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣು ಗಂಡೆಂಬ ಭೇದ ಮಾಡಕೂಡದು ಎಂಬುದು ಅದರ ತಾತ್ಪರ್ಯ. ಅದರಿಂದ ಆಟದ ಬಯಲಿಗೆ ಬಂದ ಹುಡುಗಿಯರ ಸಂಖ್ಯೆ ಪ್ರವಾಹದಂತೆ ಏರಿತು. ಕಾನೂನಿಗೆ ಮೊದಲು ಕಾಲೇಜು ತಂಡಗಳಲ್ಲಿ ಸುಮಾರು 16 ಸಾವಿರ ಹುಡುಗಿಯರು ಆಡುತ್ತಿದ್ದರು. 2014ರ ಹೊತ್ತಿಗೆ ಎರಡು ಲಕ್ಷ ದಾಟಿದರು. ಬ್ರೂಕ್ಲಿನ್ ಕಾಲೇಜಿನ ವಿವಿಯನ್ ಅಕೋಸ್ಟಾ, ಲಿಂಡಾ ಕಾರ್ಪೆಂಟರ್ ಎಂಬ ಇಬ್ಬರು ಪ್ರಾಧ್ಯಾಪಿಕೆಯರು ಈ ಲೆಕ್ಕವನ್ನು ಮೂರೂವರೆ ದಶಕಕ್ಕೂ ಮೇಲ್ಪಟ್ಟು ಬಿಡದೆ ಇಟ್ಟುಕೊಂಡು ಬಂದರು. ಅವರ ಲೆಕ್ಕದಲ್ಲಿ ಇನ್ನೊಂದು ಕಲಮೂ ಉಂಟು. 1972ರಲ್ಲಿ ಹುಡುಗಿಯರ ತಂಡಗಳಿಗೆ ತರಬೇತು ಕೊಡುತ್ತಿದ್ದವರಲ್ಲಿ ಶೇ. 90ಕ್ಕಿಂತ ಹೆಚ್ಚು ಮಂದಿ ಹೆಂಗಸರೇ. 2014ರಲ್ಲಿ ಅದು 43ಕ್ಕೆ ಇಳಿಯಿತು. ಮಹಿಳಾ ಕ್ರೀಡಾ ವಿಭಾಗಗಳ ಮುಖ್ಯಸ್ಥರೂ 1972ರಲ್ಲಿ ಶೇ. 90ಕ್ಕೆ ಮೇಲ್ಪಟ್ಟು ಹೆಂಗಸರಾಗಿದ್ದರು. ವಿಭಾಗಗಳೆಲ್ಲ ಗಂಡಸರ ವಿಭಾಗಗಳೊಡನೆ ಕೂಡಿಹೋದ ಮೇಲೆ, 2014ರಲ್ಲಿ, ಕ್ರೀಡಾ ನಿರ್ದೇಶಕರಲ್ಲಿ ಹೆಂಗಸರು ಶೇ. 22 ಮಾತ್ರ.

ಆದ್ದರಿಂದ 43 ಎಂಬುದು ಏರಿದ ಅಂಕಿಯಲ್ಲ, ಬಿದ್ದ ಅಂಕಿ. ತೊಂಬತ್ತನ್ನು ಕಳಚಿ ನಲವತ್ತಮೂರನ್ನು ಮಾತ್ರ ಗುಲಾಬಿ ವೃತ್ತದಲ್ಲಿ ಕೂರಿಸಿದರೆ ಸೋಲು ಗೆಲುವಾಗಿ ಕಾಣುತ್ತದೆ.

‘ತೊಂಬತ್ತನ್ನು ಏಕೆ ಬಿಟ್ಟೆ?’ ಎಂದು ಕೇಳಿದೆ.

‘ಒಂದು ವೃತ್ತಕ್ಕೆ ಒಂದೇ ಅಂಕಿ ಅಂದರು, ಮಾವ. ಎರಡು ಹಾಕಿದರೆ ನೋಡುವವರಿಗೆ ಗೊಂದಲವಾಗುತ್ತಂತೆ.’

‘ಪ್ರಬಂಧದಲ್ಲಿ ಪುಟಪುಟಕ್ಕೂ ‘ಆದರೆ’ ಅಂತ ಬರೆದಿದ್ದೆಯಲ್ಲಮ್ಮ. ಆಟಗಾರ್ತಿಯರು ಹೆಚ್ಚಿದರು, ಆದರೆ ತರಬೇತುಗಾರ್ತಿಯರ ಪಾಲು ಕುಗ್ಗಿತು ಅಂತ. ಆ ‘ಆದರೆ’ ಎಲ್ಲಿ ಹೋಯಿತು?’

‘ಹುಡುಕಿದೆ, ಮಾವ. ‘ಆದರೆ’ಗೆ ಐಕಾನ್ ಸಿಗಲಿಲ್ಲ.’

ಹುಡುಗಿ ತಮಾಷೆಗೆಂದು ಹೇಳಿದ ಮಾತಲ್ಲ ಅದು. ಆ ಅಚ್ಚುಗಳ ಉಗ್ರಾಣದಲ್ಲಿ ಬಹುಮಾನದ ಬಟ್ಟಲಿಗೆ ಚಿತ್ರವುಂಟು, ಕುರ್ಚಿಗೆ ಉಂಟು, ಏಣಿಗೆ ಉಂಟು, ಹೆಂಗಸಿಗೆ ಉಂಟು (ಲಂಗ ತೊಡಿಸಿದರೆ ಸಾಕು, ಗಂಡಸು ಹೆಂಗಸಾಗುತ್ತಾನೆ). ‘ಆದರೆ’, ‘ಏಕೆಂದರೆ’, ‘ಹಾಗಿದ್ದರೂ’ ಎಂಬ ಮಾತುಗಳಿಗೆ ಮಾತ್ರ ಚಿತ್ರವಿಲ್ಲ. ವಿಚಾರವೆಂಬುದು ಕೀಲುಗೊಳ್ಳುವುದು ಈ ಮಾತುಗಳಲ್ಲಿಯೇ ತಾನೆ? ಕೀಲನ್ನು ತೆಗೆದುಹಾಕಿ ಉಳಿದ ಮರದ ತುಂಡುಗಳಿಗೆ ಬಣ್ಣ ಬಳಿದು ‘ಇದೇ ನೋಡಿ ಬಂಡಿ’ ಎಂದರೆ ಒಪ್ಪುವುದು ಹೇಗೆ?

ಪ್ರಬಂಧದ ಆ ಭಾಗದಲ್ಲಿ ‘ಆದರೆ’ಯೊಳಗೆ ಇನ್ನೊಂದು ‘ಆದರೆ’ ಇತ್ತು. ಲೆಕ್ಕ ಹಿಡಿದು ನೋಡಿದರೆ ತರಬೇತುಗಾರ್ತಿಯರ ತಲೆಗಳ ಸಂಖ್ಯೆ ಕಡಮೆಯಾಗಿಲ್ಲ. ತಂಡಗಳು ಅವರಿಗಿಂತ ವೇಗವಾಗಿ ಹೆಚ್ಚಿದವು, ಹೊಸ ಹುದ್ದೆಗಳಲ್ಲಿ ಹೆಚ್ಚಿನವು ಗಂಡಸರ ಪಾಲಾದವು. ಅದಕ್ಕೆ ಕಾರಣವನ್ನೂ ಹುಡುಗಿ ಹುಡುಕಿದ್ದಳು. 1972ಕ್ಕೆ ಮುಂಚೆ ಹುಡುಗಿಯರ ತಂಡವನ್ನು ನೋಡಿಕೊಳ್ಳುವುದೆಂದರೆ ವ್ಯಾಯಾಮದ ಅಧ್ಯಾಪಿಕೆ ತನ್ನ ಪಾಠದ ಜೊತೆಗೆ ಸಂಬಳವಿಲ್ಲದೆಯೋ ಅರೆಕಾಸಿಗೋ ಮಾಡುವ ಸೇವೆ. ಅಂಥ ಕೆಲಸಕ್ಕೆ ಗಂಡಸರು ಅರ್ಜಿ ಹಾಕುತ್ತಿರಲಿಲ್ಲ. ಕಾನೂನು ಬಂದು ಹಣ ಬಂತು. ಹಣ ಬಂದ ಕೂಡಲೆ ಕೆಲಸಕ್ಕೆ ಮಾನ ಬಂತು. ಮಾನ ಬಂದ ಕೂಡಲೆ ಅರ್ಜಿಗಳು ಬಂದವು. ನಮ್ಮ ಮನೆಗಳಲ್ಲಿ ದಿನವೂ ಅಡಿಗೆ ಮಾಡುವವಳು ಹೆಂಗಸು, ಮದುವೆ ಮನೆಯಲ್ಲಿ ದುಡ್ಡು ಎಣಿಸಿಕೊಂಡು ಅಡಿಗೆ ಮಾಡುವವನು ಗಂಡಸು – ಹೆಚ್ಚುಕಡಮೆ ಅದೇ ಕಥೆ.

ಇದಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರಬಂಧದ ನಡುಭಾಗ. ಅದರಲ್ಲಿ ಒಂದೇ ಬಗೆಯ ಘಟನೆ ಮೂರು ಕಾಲದಲ್ಲಿ ಮೂರು ದೇಶಗಳಲ್ಲಿ ನಡೆದದ್ದನ್ನು ಅವಳು ಪೋಣಿಸಿದ್ದಳು.

ಫ್ರಾನ್ಸಿನಲ್ಲಿ ಅಲೀಸ್ ಮಿಲಿಯಾ ಎಂಬ ಮಹಿಳೆ ಇದ್ದಳು. ಒಲಿಂಪಿಕ್ಸಿನ ಓಟ ಜಿಗಿತಗಳಿಗೆ ಹೆಂಗಸರನ್ನು ಸೇರಿಸಿಕೊಳ್ಳಿ ಎಂದು ಕೇಳಿದಳು, ಆಗದು ಎಂದರು. ಸರಿ, ನಾವೇ ಮಾಡಿಕೊಳ್ಳುತ್ತೇವೆ ಎಂದು 1921ರಲ್ಲಿ ಮಹಿಳೆಯರ ಅಂತಾರಾಷ್ಟ್ರೀಯ ಕ್ರೀಡಾ ಒಕ್ಕೂಟವನ್ನು ಕಟ್ಟಿ, 1922ರಲ್ಲಿ ಪ್ಯಾರಿಸಿನಲ್ಲಿ ಮಹಿಳಾ ಒಲಿಂಪಿಕ್ಸನ್ನೇ ನಡೆಸಿಬಿಟ್ಟಳು. ‘ಒಲಿಂಪಿಕ್’ ಎಂಬ ಹೆಸರಿಗೆ ಗಂಡಸರ ಸಮಿತಿ ಆಕ್ಷೇಪಣೆ ಎತ್ತಿತು. ಹೆಸರನ್ನು ಬದಲಾಯಿಸಿಕೊಂಡು 1926, 1930, 1934ರಲ್ಲಿ ಮತ್ತೆ ಕೂಟ ನಡೆಸಿದಳು. ಈ ಪೈಪೋಟಿಗೆ ಹೆದರಿಯೇ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಐದೇ ಐದು ಅಥ್ಲೆಟಿಕ್ ಸ್ಪರ್ಧೆಗಳನ್ನು ಕೊಟ್ಟರು. 1936ರಲ್ಲಿ ಗಂಡಸರ ಒಕ್ಕೂಟ ಹೆಂಗಸರ ಅಥ್ಲೆಟಿಕ್ಸನ್ನು ಪೂರ್ತಿ ತನ್ನ ವಶಕ್ಕೆ ತೆಗೆದುಕೊಂಡಿತು. ಓಡುವ ಹೆಂಗಸರು ಒಳಗೆ ಬಂದರು, ಓಟವನ್ನು ನಡೆಸುತ್ತಿದ್ದ ಹೆಂಗಸರು ಹೊರಗುಳಿದರು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯಂತೂ 1894ರಲ್ಲಿ ಹುಟ್ಟಿದ್ದು, ಹೆಂಗಸೊಬ್ಬಳನ್ನು ಸದಸ್ಯೆಯಾಗಿ ಒಳಗೆ ಬಿಟ್ಟುಕೊಂಡದ್ದು 1981ರಲ್ಲಿ: ಫಿನ್‌ಲೆಂಡಿನ ಪಿರ್ಯೊ ಹಾಗ್‌ಮನ್, ವೆನಿಜುವೆಲಾದ ಫ್ಲೋರ್ ಇಸಾವಾ-ಫೊನ್ಸೇಕಾ. ಎಂಬತ್ತೇಳು ವರ್ಷ ಬೇಕಾಯಿತು!

ಎರಡನೆಯ ಕಥೆ ಅಮೆರಿಕದ್ದು. ಅಲ್ಲಿನ ಕಾಲೇಜು ಹುಡುಗಿಯರ ಆಟಗಳನ್ನು ನಡೆಸಲು 1971ರಲ್ಲಿ ಹೆಂಗಸರೇ ಒಂದು ಸಂಘ ಕಟ್ಟಿದರು. ಎಐಎಡಬ್ಲ್ಯೂ ಎಂದು ಅದರ ಹೆಸರು. ಒಂಬೈನೂರಕ್ಕೂ ಹೆಚ್ಚು ಕಾಲೇಜುಗಳು ಅದಕ್ಕೆ ಸೇರಿದ್ದವು. ಟೈಟಲ್ ನೈನ್ ಕಾನೂನು ಆಟಗಳಿಗೆ ಅನ್ವಯಿಸದಿರಲೆಂದು ಮೊದಮೊದಲು ಹೋರಾಡಿದ ಗಂಡಸರ ಸಂಘ ಎನ್‌ಸಿಎಎ, 1981-82ರಲ್ಲಿ ತಾನೇ ಹುಡುಗಿಯರ ಪಂದ್ಯಾವಳಿಗಳನ್ನು ಏರ್ಪಡಿಸತೊಡಗಿತು. ಹಣ ಅವರ ಕೈಯಲ್ಲಿ, ಟೆಲಿವಿಷನ್ ಅವರ ಕೈಯಲ್ಲಿ. ಹೆಂಗಸರ ಸಂಘ ನ್ಯಾಯಾಲಯಕ್ಕೆ ಹೋಯಿತು, ಸೋತಿತು, ಬಾಗಿಲು ಮುಚ್ಚಿತು.

ಮೂರನೆಯದು ನಮ್ಮದೇ. 1973ರಲ್ಲಿ ಭಾರತದ ಮಹಿಳಾ ಕ್ರಿಕೆಟ್ ಸಂಸ್ಥೆ ಲಖನೌದಲ್ಲಿ ನೋಂದಣಿಯಾಯಿತು. ಅದನ್ನು ಹುಟ್ಟುಹಾಕಿದ ಮಹೇಂದ್ರ ಕುಮಾರ್ ಶರ್ಮಾ ಗಂಡಸೇ ಎಂಬುದನ್ನು ಮುಚ್ಚಿಡುವುದು ಬೇಡ. ಆದರೆ ಅದನ್ನು ಮುಂದೆ ನಡೆಸಿಕೊಂಡು ಬಂದವರಲ್ಲಿ ಹೆಂಗಸರು ಬಹಳ; ಶುಭಾಂಗಿ ಕುಲಕರ್ಣಿಯವರಂಥ ಹಳೆಯ ಆಟಗಾರ್ತಿಯರೇ ಕಾರ್ಯದರ್ಶಿಗಳಾಗಿದ್ದರು. ಭಾರತದ ಹೆಂಗಸರು ಆಡಿದ ಮೊಟ್ಟಮೊದಲ ಟೆಸ್ಟ್ ಪಂದ್ಯ 1976ರಲ್ಲಿ ನಮ್ಮ ಬೆಂಗಳೂರಿನಲ್ಲಿ, ವೆಸ್ಟ್ ಇಂಡೀಸ್ ತಂಡದ ಎದುರು. ನಾಯಕಿ ನಮ್ಮೂರಿನ ಶಾಂತಾ ರಂಗಸ್ವಾಮಿ. ಆ ಸಂಸ್ಥೆಗೆ ಹಣವೆಂಬುದು ಇರಲೇ ಇಲ್ಲ. ಆಟಗಾರ್ತಿಯರು ರೈಲಿನಲ್ಲಿ ಕಾಯ್ದಿರಿಸದ ಡಬ್ಬಿಗಳಲ್ಲಿ ಕೂತು, ಛತ್ರಗಳಲ್ಲಿಯೂ ಡಾರ್ಮಿಟರಿಗಳಲ್ಲಿಯೂ ಮಲಗಿ, ಬ್ಯಾಟುಗಳನ್ನು ಹಂಚಿಕೊಂಡು ಆಡಿದರು. 2006ರಲ್ಲಿ ಸಂಸ್ಥೆ ಕ್ರಿಕೆಟ್ ಮಂಡಳಿಯೊಳಗೆ ವಿಲೀನವಾಯಿತು. ಇಂಗ್ಲೆಂಡಿನಲ್ಲಿಯೂ ಹೀಗೆಯೇ: 1926ರ ಮಹಿಳಾ ಸಂಸ್ಥೆ 1998ರಲ್ಲಿ ಗಂಡಸರ ಮಂಡಳಿಯಲ್ಲಿ ಕರಗಿತು. 1958ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಮಹಿಳಾ ಕ್ರಿಕೆಟ್ ಪರಿಷತ್ತು 2005ರಲ್ಲಿ ಕರಗಿತು. ಅಂದಹಾಗೆ, ವಿಶ್ವಕಪ್ ಎಂಬ ಪಂದ್ಯಾವಳಿಯನ್ನು ಕ್ರಿಕೆಟ್ಟಿಗೆ ಮೊದಲು ತಂದವರು ಹೆಂಗಸರು, 1973ರಲ್ಲಿ. ಗಂಡಸರಿಗೆ ಅದು ಹೊಳೆದದ್ದು 1975ರಲ್ಲಿ.

ವಿಲೀನದಿಂದ ಒಳ್ಳೆಯದಾಗಲಿಲ್ಲವೆ? ಆಯಿತು, ಬೇಕಾದಷ್ಟು ಆಯಿತು. ವಿಮಾನ ಬಂತು, ಒಳ್ಳೆಯ ಮೈದಾನ ಬಂತು, 2022ರಲ್ಲಿ ಗಂಡಸರಷ್ಟೇ ಪಂದ್ಯಶುಲ್ಕವೂ ಘೋಷಣೆಯಾಯಿತು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ನಮ್ಮ ಹುಡುಗಿಯರು ವಿಶ್ವಕಪ್ ಗೆದ್ದ ರಾತ್ರಿ ನಾನೂ ಟಿ.ವಿ.ಯ ಮುಂದೆ ಚಿಕ್ಕ ಹುಡುಗನ ಹಾಗೆ ಕುಣಿದವನೇ. ಆದರೆ (ಕ್ಷಮಿಸಬೇಕು, ಆ ಮಾತು ಮತ್ತೆ ಬಂತು) 2006ರ ಆಗಸ್ಟಿನಲ್ಲಿ ಇಂಗ್ಲೆಂಡಿನಲ್ಲಿ ಆಡಿದ ಟೆಸ್ಟಿನ ನಂತರ ನಮ್ಮ ಹೆಂಗಸರಿಗೆ ಮುಂದಿನ ಟೆಸ್ಟ್ ಸಿಕ್ಕಿದ್ದು 2014ರ ಆಗಸ್ಟಿನಲ್ಲಿ. ಎಂಟು ವರ್ಷ! ಆ ವರ್ಷವೇ ನವೆಂಬರಿನಲ್ಲಿ ಮೈಸೂರಿನಲ್ಲಿ ಒಂದಾಯಿತು. ಅದಾದ ಮೇಲೆ ಮತ್ತೆ 2021ರವರೆಗೆ ಇಲ್ಲ. ಹೊಟ್ಟೆಗಿಲ್ಲದ ದಿನಗಳಲ್ಲಿ ಆಡಿದ ಆಟವನ್ನು ಉಂಡು ಉಟ್ಟ ದಿನಗಳಲ್ಲಿ ಏಕೆ ಆಡಿಸಲಿಲ್ಲ? ಆಡಿಸಬೇಕೆಂದು ಪಟ್ಟುಹಿಡಿಯುವ ಹೆಂಗಸು ಮೇಜಿನ ಸುತ್ತ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ನೇಮಿಸಿದ ಆಡಳಿತಗಾರರ ಸಮಿತಿಯಲ್ಲಿ ಡಯಾನಾ ಎಡುಲ್ಜಿ ಕೂತರು. 2019ರಲ್ಲಿ ಮಂಡಳಿಯ ಪರಮೋಚ್ಚ ಸಮಿತಿಗೆ ಆಟಗಾರ್ತಿಯರ ಪ್ರತಿನಿಧಿಯಾಗಿ ಶಾಂತಾ ರಂಗಸ್ವಾಮಿ ಹೋದರು. ಅದೂ ನ್ಯಾಯಾಲಯ ಕಿವಿ ಹಿಂಡಿದ ಮೇಲೆ.

ಇದು ಪ್ರಬಂಧದ ತಿರುಳು. ಒಳಗೆ ಸೇರಿಸಿಕೊಳ್ಳುವುದೆಂಬುದು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಳ್ಳುವ ವ್ಯವಹಾರವಾಗಿಯೂ ಇರಬಹುದೆಂದು ಹುಡುಗಿ ತೋರಿಸಿದ್ದಳು. ಏರುವ ಬಾಣದಲ್ಲಿ ಇದನ್ನು ಎಲ್ಲಿ ಬರೆಯುತ್ತೀರಿ?

ಒಂದು ದಿನ ಆ ಅಧ್ಯಾಪಕರನ್ನೇ ಕಂಡು ಕೇಳಿದೆ. ಸಜ್ಜನರು, ಕಾಫಿ ಕೊಡಿಸಿದರು. ‘ಸಾರ್, ಈ ಕಾಲದಲ್ಲಿ ಇಪ್ಪತ್ತೆರಡು ಪುಟ ಯಾರು ಓದುತ್ತಾರೆ?’ ಎಂದರು.

‘ತಾವು ಓದಿದಿರಷ್ಟೆ?’

‘ಕಣ್ಣಾಡಿಸಿದೆ.’

ಓದುವುದಕ್ಕೆ ಸಂಬಳ ಪಡೆಯುವವರೇ ಕಣ್ಣಾಡಿಸಿದರೆ, ಸಂಬಳವಿಲ್ಲದೆ ಬೀದಿಯಲ್ಲಿ ಹೋಗುವವನು ಓದುವುದಿಲ್ಲ ಎಂದು ದೂರುವ ಹಕ್ಕು ಯಾರಿಗೆ ಉಳಿಯಿತು? ಜನಕ್ಕೆ ಪುರಸತ್ತಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ಎಂಟು ಗಂಟೆ ನಡೆಯುವ ಒಂದು ದಿನದ ಕ್ರಿಕೆಟ್ ಪಂದ್ಯವನ್ನು ನೋಡುವ ಜನ ನಾವು. ನಮ್ಮ ಬಳಿ ಪುರಸತ್ತು ಇದೆ. ಅದನ್ನು ಕೇಳುವ ಧೈರ್ಯ ವಿದ್ವಾಂಸರಿಗೆ ಇಲ್ಲ.

ಅವರು ಬಿಡಲಿಲ್ಲ. ಚಿತ್ರವೆಂದರೆ ಕೀಳೆಂಬ ಪಂಡಿತರ ಮಡಿವಂತಿಕೆ ನನ್ನದು ಎಂದರು. ಈ ಆಪಾದನೆಗೆ ಉತ್ತರ ಕೊಡಲೇಬೇಕು, ಏಕೆಂದರೆ ಚಿತ್ರದ ವಿಷಯದಲ್ಲಿ ನನಗೆ ದ್ವೇಷವಿಲ್ಲ, ಗೌರವವಿದೆ. ಕ್ರಿಮಿಯಾ ಯುದ್ಧದಲ್ಲಿ ಸಿಪಾಯಿಗಳು ಗುಂಡೇಟಿಗಿಂತ ಹೆಚ್ಚಾಗಿ ಸತ್ತದ್ದು ತಡೆಯಬಹುದಾದ ರೋಗಗಳಿಂದ ಎಂಬುದನ್ನು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಒಂದು ಬಣ್ಣದ ಚಕ್ರದಲ್ಲಿ ತೋರಿಸಿದಳು: ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಉಳಿದದ್ದಕ್ಕೆ ಕಪ್ಪು. ನೀಲಿಯ ದಳಗಳು ಎಷ್ಟು ದೊಡ್ಡವೆಂದರೆ ಮಂತ್ರಿಗಳು ಕಣ್ಣು ಮುಚ್ಚಿಕೊಳ್ಳುವಂತಿರಲಿಲ್ಲ. ಆದರೆ ಆ ಚಕ್ರದ ಹಿಂದೆ ನೂರಾರು ಪುಟಗಳ ವರದಿ ಇತ್ತು. ವರದಿಯನ್ನು ಓದಿಸುವುದಕ್ಕೆ ಚಕ್ರ ಬಂತು. ವರದಿಯ ಬದಲಿಗೆ ಬರಲಿಲ್ಲ. 22 ಹೆಂಗಸರು ಒಲಿಂಪಿಕ್ಸಿನಲ್ಲಿ ಆಡಿದ ಅದೇ 1900ರಲ್ಲಿ, ಅದೇ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ, ಡಬ್ಲ್ಯು. ಇ. ಬಿ. ಡುಬಾಯ್ ಮತ್ತು ಅಟ್ಲಾಂಟಾ ವಿಶ್ವವಿದ್ಯಾನಿಲಯದ ಅವರ ಶಿಷ್ಯರು ಅಮೆರಿಕದ ಕರಿಯರ ಬಾಳನ್ನು ಕೈಯಿಂದ ಬರೆದ ಬಣ್ಣದ ನಕ್ಷೆಗಳಲ್ಲಿ ಲೋಕಕ್ಕೆ ತೋರಿಸಿದರು. ಅವನ್ನು ಈಗ ನೋಡಿದರೂ ಮೈ ಜುಮ್ಮೆನ್ನುತ್ತದೆ.

ಇನ್ನು, ಇಂದಿನ ಇನ್ಫೋಗ್ರಾಫಿಕ್ಕಿನ ಪುಟ್ಟ ಬೊಂಬೆಗಳಿಗೆ ಅಜ್ಜನೆನ್ನಬಹುದಾದ ಆಟ್ಟೊ ನಾಯ್ರಾಟ್ 1925ರಲ್ಲಿ ವಿಯೆನ್ನಾದಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆದು, ಕೂಲಿಕಾರರಿಗೂ ಅರ್ಥವಾಗುವಂತೆ ಲೆಕ್ಕಾಚಾರವನ್ನು ಚಿತ್ರಕ್ಕಿಳಿಸಿದ. ಅವನದೊಂದು ಕಟ್ಟಪ್ಪಣೆ: ಸಂಖ್ಯೆ ಹೆಚ್ಚಾದರೆ ಬೊಂಬೆಗಳನ್ನು ಹೆಚ್ಚಿಸತಕ್ಕದ್ದು, ಬೊಂಬೆಯನ್ನು ದೊಡ್ಡದು ಮಾಡಕೂಡದು. ಬೊಂಬೆಯ ಎತ್ತರವನ್ನು ಇಮ್ಮಡಿ ಮಾಡಿದರೆ ಅಗಲವೂ ಇಮ್ಮಡಿಯಾಗಿ ಕಣ್ಣಿಗೆ ನಾಲ್ಮಡಿ ಕಾಣುತ್ತದೆ ಎಂಬ ಸತ್ಯ ಅವನಿಗೆ ತಿಳಿದಿತ್ತು. ನಮ್ಮ ಹುಡುಗಿಯ ಹಾಳೆಯ ನೆತ್ತಿಯ ಮೇಲಿದ್ದ ಗುಲಾಬಿ ಹೆಂಗಸನ್ನು ಅವನು ಹರಿದುಹಾಕುತ್ತಿದ್ದ. ಅವನ ಕಾರ್ಯಾಲಯದಲ್ಲಿ ಪಂಡಿತರಿಗೂ ಚಿತ್ರಕಾರರಿಗೂ ನಡುವೆ ಒಂದು ಹುದ್ದೆಯಿತ್ತು. ಪಂಡಿತರ ಕಾಗದಗಳನ್ನೆಲ್ಲ ಓದಿ, ಯಾವುದನ್ನು ಚಿತ್ರಕ್ಕೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಟ್ಟರೆ ಸುಳ್ಳಾಗುತ್ತದೆ ಎಂದು ನಿರ್ಧರಿಸುವ ಹುದ್ದೆ. ಆ ಹುದ್ದೆಯಲ್ಲಿ ಕೂತಿದ್ದವಳು ಮರಿ ರೈಡಮೈಸ್ಟರ್ ಎಂಬ ಹೆಂಗಸು. ಅವಳ ಹೆಸರು ಎಷ್ಟು ಜನಕ್ಕೆ ಗೊತ್ತು? ಮುಂದಾಳುತನದ ಬಗೆಗಿನ ಚಿತ್ರಗಳಲ್ಲಿ ಅವಳೇ ಇಲ್ಲ.

ಚಿತ್ರ ಮಾಡಬೇಡಿ ಎಂದು ನಾನು ಹೇಳಿದ್ದೆನೆ? ಹತ್ತು ತಲೆಗಳನ್ನು ಸಾಲಾಗಿ ಬರೆದು ಒಂಬತ್ತಕ್ಕೆ ಕಪ್ಪು, ಹತ್ತನೆಯದಕ್ಕೆ ಕೆಂಪು ಬಳಿಯಿರಿ: ಒಲಿಂಪಿಕ್ ಸಮಿತಿಯ 130 ವರ್ಷಗಳ ಅಧ್ಯಕ್ಷರು. ಕೊವೆಂಟ್ರಿಯ ಒಂದೇ ಮುಖವನ್ನು ವೃತ್ತದಲ್ಲಿ ತುಂಬುವುದಕ್ಕಿಂತ ಅದು ಪ್ರಾಮಾಣಿಕ. ಟೋಕಿಯೊ ಒಲಿಂಪಿಕ್ಸಿನ ಆಟಗಾರರಲ್ಲಿ ಹೆಂಗಸರು ಅರ್ಧಕ್ಕೆ ತುಸು ಕಡಮೆ, ತರಬೇತುದಾರರಲ್ಲಿ ನೂರಕ್ಕೆ 13. ಎರಡನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಲಿ. ಒಂದು ಬಾಣದ ಬದಲು ಎರಡು ಗೆರೆ ಎಳೆಯಿರಿ, ಆಟಗಾರ್ತಿಯರದು ಏರುವ ಗೆರೆ, ತರಬೇತುಗಾರ್ತಿಯರ ಪಾಲಿನದು ಇಳಿಯುವ ಗೆರೆ. ಎರಡೂ ಅಡ್ಡ ಹಾಯುವ ಸ್ಥಳದಲ್ಲಿ ‘ಆದರೆ’ ತಾನಾಗಿ ಕಾಣಿಸಿಕೊಳ್ಳುತ್ತದೆ. ಅಂಥ ಚಿತ್ರ ಬರೆಯಲು ಪ್ರಬಂಧವನ್ನು ಪೂರ್ತಿ ಓದಿರಬೇಕು. ಅಚ್ಚು ಒತ್ತುವವರಿಗೆ ಆಗದ ಕೆಲಸ.

ಚಿಕ್ಕದಾಗಿ, ಚುರುಕಾಗಿ ಹೇಳಿಬಿಡಬೇಕೆಂಬ ಆತುರ ಹೆಣ್ಣುಮಕ್ಕಳ ಪಾಲಿಗೆ ಒಮ್ಮೆ ಎಷ್ಟು ದುಬಾರಿಯಾಯಿತೆಂಬುದಕ್ಕೆ ಆ 1928ರ ಆಮ್‌ಸ್ಟರ್‌ಡ್ಯಾಮೇ ಸಾಕ್ಷಿ. ಅಲ್ಲಿ ಹೆಂಗಸರ 800 ಮೀಟರ್ ಓಟ ನಡೆಯಿತು. ಒಂಬತ್ತು ಮಂದಿ ಓಡಿದರು, ಒಂಬತ್ತು ಮಂದಿಯೂ ಮುಟ್ಟಿದರು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಿನಲ್ಲಿ ವಿಶ್ವದಾಖಲೆ ಮಾಡಿ ಗೆದ್ದಳು. ಎರಡನೆಯವಳು ಜಪಾನಿನ ಹಿತೋಮಿ ಕಿನುಎ. ಓಟ ಮುಗಿದ ಮೇಲೆ ಕೆಲವರು ದಣಿದು ಹುಲ್ಲಿನ ಮೇಲೆ ಕುಸಿದರು. ಗಂಡಸರೂ ಹಾಗೆ ಕುಸಿಯುತ್ತಾರೆ. ಪತ್ರಿಕೆಗಳು ಆ ಒಂದು ನೋಟವನ್ನು ಮಾತ್ರ ಹಿಡಿದುಕೊಂಡವು. ಹನ್ನೊಂದು ಮಂದಿ ಓಡಿದರು, ಐವರು ನಡುದಾರಿಯಲ್ಲೇ ಬಿಟ್ಟರು ಎಂದು ಬರೆದವರೂ ಉಂಟು. ಹೆಂಗಸಿನ ದೇಹಕ್ಕೆ ಈ ದೂರ ಸಲ್ಲದು ಎಂದು ಓಟವನ್ನೇ ತೆಗೆದುಹಾಕಿದರು. ಮತ್ತೆ ಒಲಿಂಪಿಕ್ಸಿನಲ್ಲಿ ಹೆಂಗಸರು 800 ಮೀಟರ್ ಓಡಿದ್ದು 1960ರಲ್ಲಿ, ರೋಮಿನಲ್ಲಿ. ಮೂವತ್ತೆರಡು ವರ್ಷ. ಆ ತೀರ್ಮಾನ ಮಾಡಿದವರ ನಡುವೆ ಹೆಂಗಸರು ಇದ್ದಿದ್ದರೆ ಒಬ್ಬಳಾದರೂ ಎದ್ದುನಿಂತು ‘ಒಂಬತ್ತು ಮಂದಿಯೂ ಮುಟ್ಟಿದ್ದಾರೆ, ಲೆಕ್ಕ ನೋಡಿ’ ಎನ್ನುತ್ತಿದ್ದಳು.

ಹಾಳೆಯ ಮೂರನೆಯ ವೃತ್ತಕ್ಕೆ ಬರೋಣ. 2025ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯ ಪ್ರಕಾರ ಕಾರ್ಯಕಾರಿ ಸಮಿತಿ ಹದಿನೈದು ಮಂದಿಯನ್ನು ಮೀರುವಂತಿಲ್ಲ. ಅವರಲ್ಲಿ ಕನಿಷ್ಠ ನಾಲ್ವರು ಹೆಂಗಸರಿರಬೇಕು. ಸ್ವಾಗತಿಸತಕ್ಕ ಮಾತು. ಆದರೆ ಹದಿನೈದರಲ್ಲಿ ನಾಲ್ಕೆಂದರೆ ಮೂರರಲ್ಲಿ ಒಂದೂ ಆಗಲಿಲ್ಲ. ಆ ನಾಲ್ವರನ್ನು ಆರಿಸುವವರು ಯಾರು? ಖಜಾನೆಯ ಬೀಗದ ಕೈ ಯಾರ ಸೊಂಟದಲ್ಲಿ? ಕರ್ನಾಟಕದವರಿಗೆ ಈ ಪ್ರಶ್ನೆ ಹೊಸದಲ್ಲ. 1983ರ ಕಾಯಿದೆಯಂತೆ ಪಂಚಾಯತಿಗಳಲ್ಲಿ ಹೆಂಗಸರಿಗೆ ನಾಲ್ಕನೆಯ ಒಂದು ಪಾಲು ಮೀಸಲಿಟ್ಟು 1987ರಲ್ಲಿಯೇ ಚುನಾವಣೆ ನಡೆಸಿದವರು ನಾವು. ಹೆಂಡತಿ ಸದಸ್ಯೆ, ಗಂಡ ಸಭೆಗೆ ಹಾಜರು ಎಂಬ ನಾಟಕವನ್ನು ಕಂಡೆವು; ಅದೇ ಹೆಂಗಸರಲ್ಲಿ ಹಲವರು ಮುಂದೆ ಗಂಡನನ್ನು ಮನೆಗೆ ಕಳಿಸಿ ತಾವೇ ಕೂತದ್ದನ್ನೂ ಕಂಡೆವು. ಎರಡು ಕಾಲದಲ್ಲಿಯೂ ನಕ್ಷೆ ಬರೆದಿದ್ದರೆ ಅಂಕಿ ಒಂದೇ ಬರುತ್ತಿತ್ತು. ಪಿ. ಟಿ. ಉಷಾ 2022ರ ಡಿಸೆಂಬರಿನಲ್ಲಿ ಭಾರತ ಒಲಿಂಪಿಕ್ ಸಂಸ್ಥೆಯ ಮೊದಲ ಅಧ್ಯಕ್ಷೆಯಾದರು. ಆಮೇಲೆ ಅವರಿಗೂ ಕಾರ್ಯಕಾರಿ ಸಮಿತಿಯ ಬಹುಮಂದಿಗೂ ತಿಂಗಳುಗಟ್ಟಲೆ ಜಗಳ ನಡೆಯಿತು. ಯಾರು ಸರಿ ಎಂದು ಹೇಳುವಷ್ಟು ಒಳಗುಟ್ಟು ನಾನು ಬಲ್ಲವನಲ್ಲ. ಕುರ್ಚಿಯ ಚಿತ್ರದಲ್ಲಿ ಜಗಳ ಕಾಣುವುದಿಲ್ಲ ಎಂಬುದಷ್ಟು ಬಲ್ಲೆ.

ಹಾಳೆಯಲ್ಲಿ ಬಿಟ್ಟುಹೋದದ್ದು ಇನ್ನೂ ಒಂದುಂಟು. ಪ್ರಬಂಧದ ಮೊದಲ ಎರಡು ಪುಟಗಳು ಹುಡುಗಿಗೆ ಶಾಲೆಯಲ್ಲಿ ಖೋಖೋ ಕಲಿಸಿದ ಮೇಡಂ ಒಬ್ಬರ ವಿಷಯ. ತಾಲ್ಲೂಕು ಕೇಂದ್ರದ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಅವರ ಕೈಕೆಳಗೆ ಕಲಿತ ಹುಡುಗಿಯರು ರಾಜ್ಯದ ತಂಡಕ್ಕೂ ಹೋಗಿದ್ದಾರೆ. ಒಂದು ವರ್ಷ ಜಿಲ್ಲೆಯ ಸಂಸ್ಥೆಯೊಂದು ಅವರನ್ನು ಸಮಿತಿಗೆ ಸೇರಿಸಿಕೊಂಡಿತು. ಸಭೆಗಳು ಜಿಲ್ಲಾ ಕೇಂದ್ರದ ಒಂದು ಲಾಡ್ಜಿನ ಕೋಣೆಯಲ್ಲಿ, ರಾತ್ರಿ ಎಂಟು ಗಂಟೆಗೆ. ಅವರ ಊರಿಗೆ ಕೊನೆಯ ಬಸ್ಸು ಏಳೂವರೆಗೆ. ಸಭೆಯನ್ನು ಸಂಜೆ ನಾಲ್ಕಕ್ಕೆ ಇಡಿರೆಂದು ಕೇಳಿ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ಮೂರು ಸಭೆಗೆ ಗೈರುಹಾಜರಾದರು. ‘ಸದಸ್ಯೆಗೆ ಆಸಕ್ತಿ ಇಲ್ಲದ ಕಾರಣ’ ಎಂದು ನಡವಳಿ ಪುಸ್ತಕದಲ್ಲಿ ಬರೆದು ಹೆಸರು ಹೊಡೆದುಹಾಕಿದರು. ಮುಂದಾಳುತನಕ್ಕೆ ಹೆಂಗಸರು ತಾವಾಗಿ ಮುಂದೆ ಬರುವುದಿಲ್ಲ ಎಂದು ದೊಡ್ಡ ದೊಡ್ಡ ವರದಿಗಳಲ್ಲಿ ಒಂದು ವಾಕ್ಯವಿರುತ್ತದಲ್ಲ, ಆ ವಾಕ್ಯ ಎಲ್ಲಿ ತಯಾರಾಗುತ್ತದೆಂಬುದನ್ನು ನಾನು ಕಂಡದ್ದು ಆ ಎರಡು ಪುಟಗಳಲ್ಲಿ.

ಚಿತ್ರಕ್ಕೆ ಇಳಿಸುವಾಗ ಮೊದಲು ಹೊಡೆದದ್ದೇ ಅವನ್ನು. ‘ಒಬ್ಬರ ಕಥೆ ಡೇಟಾ ಅಲ್ಲ’ ಎಂದರಂತೆ.

ಪ್ರದರ್ಶನದ ಕೊನೆಯ ದಿನ ಹುಡುಗಿ ಅವರನ್ನು ಕರೆಸಿದ್ದಳು. ನಾನೂ ಇದ್ದೆ. ಹತ್ತಿಯ ಸೀರೆ, ಕಾಲಿಗೆ ಬಿಳಿಯ ಕ್ಯಾನ್ವಾಸ್ ಷೂ, ಹೆಗಲಿಗೆ ಚೀಲ. ಹಾಳೆಯ ಮುಂದೆ ನಿಂತು ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು. ಓದಲು ಒಂದು ನಿಮಿಷವೂ ಹಿಡಿಯಲಿಲ್ಲ.

‘ಬಣ್ಣ ಚೆನ್ನಾಗಿದೆ ಕಣಮ್ಮ’ ಎಂದರು. ಆಮೇಲೆ, ‘ನೀನು ಏನೋ ದೊಡ್ಡದಾಗಿ ಬರೆದಿದ್ದೀಯ ಅಂದಿದ್ದೆಯಲ್ಲ, ಅದೆಲ್ಲಿ?’

ಹುಡುಗಿ ಪ್ರಬಂಧದ ಪ್ರತಿಯನ್ನು ಕೊಟ್ಟಳು. ಮೊದಲ ಪುಟವನ್ನು ಅಲ್ಲೇ ನಿಂತು ಓದಿದರು, ಎರಡನೆಯದನ್ನು ತಿರುವಿದರು. ಏನೂ ಹೇಳಲಿಲ್ಲ. ಅವರ ಬಸ್ಸು ಐದು ಗಂಟೆಗೆ ಇತ್ತು. ಹಾಳೆಗಳನ್ನು ಮಡಿಸದೆ, ಹಾಗೆಯೇ ನೆಟ್ಟಗೆ ಚೀಲದಲ್ಲಿಟ್ಟುಕೊಂಡು ಮೆಟ್ಟಲಿಳಿದರು.